ಇಷ್ಟಕಾಚಿತಿಯೂ ಬೆಸಸಂಖ್ಯೆಗಳ ಶ್ರೇಢಿಯೂ

ಚೌಕವಾದ ಒಂದು ಇಟ್ಟಿಗೆಯನ್ನು ನೆಲದ ಮೇಲಿಟ್ಟು, ಅದರ ಎರಡು ಪಕ್ಕಗಳಿಗೂ ಅವುಗಳ ನಡುವಣ ಮೂಲೆಗೂ ಅಂಥವೇ ಮೂರು ಇಟ್ಟಿಗೆಗಳನ್ನು ಸೇರಿಸಿದರೆ, ಪಕ್ಕಕ್ಕೆ ಎರಡೆರಡು ಇಟ್ಟಿಗೆಗಳುಳ್ಳ ಚೌಕವಾಗುತ್ತದೆ. ಅದಕ್ಕೆ ಅದೇ ಕ್ರಮದಲ್ಲಿ ಐದನ್ನು ಸೇರಿಸಿದರೆ ಮೂರರ ಚೌಕ. ಏಳನ್ನು ಸೇರಿಸಿದರೆ ನಾಲ್ಕರ ಚೌಕ. ಹೀಗೆ ೧, ೩, ೫, ೭ ಎಂಬ ಬೆಸಸಂಖ್ಯೆಗಳನ್ನು ಒಂದರ ಮೇಲೊಂದರಂತೆ ಕೂಡಿಸುತ್ತ ಹೋದರೆ ೧, ೪, ೯, ೧೬ ಎಂಬ ವರ್ಗಗಳೇ ಬರುತ್ತವೆ. ಬೆಳೆಯುವ ಆಕೃತಿಗೂ ಬೆಳೆಯುವ ಸಂಖ್ಯೆಗೂ ಇರುವ ಈ ನಂಟು ಇಂದು ಶಾಲೆಯ ಬಾಲಕನಿಗೂ ತಿಳಿದ ವಿಷಯ. ಆದರೆ ನಮ್ಮ ದೇಶದಲ್ಲಿ ಇದು ಯಾವಾಗ, ಯಾರಿಂದ, ಎಷ್ಟರಮಟ್ಟಿಗೆ ತಿಳಿಯಲ್ಪಟ್ಟಿತು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಈ ವಿಷಯದಲ್ಲಿ ಗ್ರಂಥಗಳು ಹೇಳುವುದೆಷ್ಟು, ನಾವು ಅವುಗಳಿಂದ ಹೇಳಿಸುವುದೆಷ್ಟು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಬೇಕೆಂದಿದೆ.

೧

ರುದ್ರಾಧ್ಯಾಯದೊಡನೆ ಪಠಿಸಲ್ಪಡುವ ಚಮಕದ ಹನ್ನೊಂದನೆಯ ಅನುವಾಕವು ಕನ್ನಡನಾಡಿನ ಅನೇಕ ಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ನಿತ್ಯವೂ ಕೇಳಿಬರುವಂಥದು. ಅದರಲ್ಲಿ ಮೊದಲು ೧ರಿಂದ ೩೩ರವರೆಗಿನ ಬೆಸಸಂಖ್ಯೆಗಳೂ, ಅನಂತರ ೪ರಿಂದ ೪೮ರವರೆಗೆ ನಾಲ್ಕುನಾಲ್ಕಾಗಿ ಏರುವ ಸಂಖ್ಯೆಗಳೂ ಹೇಳಲ್ಪಟ್ಟಿವೆ. ಮೊದಲನೆಯ ಸಾಲಿನ ಪದಗಳು ಹದಿನೇಳು. ಅವುಗಳ ಮೊತ್ತ ೨೮೯. ಅದು ೧೭ರ ವರ್ಗ. ಇದನ್ನು ಆಧಾರವಾಗಿಟ್ಟುಕೊಂಡು, ಬೆಸಸಂಖ್ಯೆಗಳ ಮೊತ್ತವು ವರ್ಗವೆಂಬ ನಿಯಮವನ್ನು ವೇದವು ಗೂಢವಾಗಿ ಉಪದೇಶಿಸಿದೆಯೆಂದು ಉಪನ್ಯಾಸಗಳಲ್ಲಿಯೂ ಜನಪ್ರಿಯ ಬರಹಗಳಲ್ಲಿಯೂ ಹೇಳುವುದುಂಟು.

ಈ ಮಾತನ್ನು ಒಪ್ಪುವುದಕ್ಕೆ ಮುಂಚೆ ಎರಡು ಸಂಗತಿಗಳನ್ನು ನೋಡಬೇಕು. ಮೊದಲನೆಯದು, ಎರಡನೆಯ ಸಾಲಿನ ಗತಿ. ೪, ೮, ೧೨ ಎಂದು ೪೮ರವರೆಗಿನ ಹನ್ನೆರಡು ಸಂಖ್ಯೆಗಳ ಮೊತ್ತ ೩೧೨. ಇದು ವರ್ಗವಲ್ಲ. ಮೊದಲ ಸಾಲನ್ನು ಮೊತ್ತಕ್ಕಾಗಿಯೇ ಹೇಳಿದ್ದಾದರೆ ಎರಡನೆಯದನ್ನು ಯಾತಕ್ಕಾಗಿ ಹೇಳಿತೆಂಬುದಕ್ಕೆ ಆ ವಾದದಲ್ಲಿ ಸಮಾಧಾನವಿಲ್ಲ. ಎರಡನೆಯದೂ ಮುಖ್ಯವಾದುದೂ ಏನೆಂದರೆ, ಈ ಸಾಲುಗಳು ಅಲ್ಲಲ್ಲಿಯೇ ನಿಲ್ಲುವುದೇಕೆಂಬುದನ್ನು ತೈತ್ತಿರೀಯ ಸಂಹಿತೆಯೇ ತನ್ನ ಐದನೆಯ ಕಾಂಡದಲ್ಲಿ ವಿವರಿಸಿದೆ. ಒಂದು, ಮೂರು ಎಂಬುದು ದೇವತೆಗಳ ಛಂದಸ್ಸು. ನಾಲ್ಕು, ಎಂಟು ಎಂಬುದು ಮನುಷ್ಯರ ಛಂದಸ್ಸು. ದೇವತೆಗಳು ಮೂವತ್ತಮೂವರಾದುದರಿಂದ ಮೊದಲನೆಯದು ಮೂವತ್ತಮೂರರವರೆಗೆ, ಜಗತೀಛಂದಸ್ಸಿಗೆ ನಾಲ್ವತ್ತೆಂಟು ಅಕ್ಷರಗಳಾದುದರಿಂದ ಎರಡನೆಯದು ನಾಲ್ವತ್ತೆಂಟರವರೆಗೆ ಎಂಬುದು ಅಲ್ಲಿಯ ಅಭಿಪ್ರಾಯ. ಗ್ರಂಥವೇ ಕಾರಣವನ್ನು ಹೇಳಿರುವಾಗ ಅದನ್ನು ಬಿಟ್ಟು ಬೇರೊಂದು ಕಾರಣವನ್ನು ನಾವು ಅದರ ಬಾಯಲ್ಲಿ ಇಡುವುದು ವ್ಯಾಖ್ಯಾನಮರ್ಯಾದೆಯಲ್ಲ. ಬೆಸಸಂಖ್ಯೆಗಳನ್ನು ಒಂದು ಸಾಲಾಗಿ, ಸಮವಾದ ಏರಿಕೆಯುಳ್ಳ ಶ್ರೇಢಿಯಾಗಿ, ಕಂಡವರು ಅಂದು ಇದ್ದರೆಂಬುದಿಷ್ಟು ಚಮಕದಿಂದ ಸಿದ್ಧ. ಅವುಗಳನ್ನು ಕೂಡಿಸಿದರೆಂದಾಗಲಿ, ಕೂಡಿಸಿ ಚೌಕಗಳನ್ನು ಕಂಡರೆಂದಾಗಲಿ ಅದರಿಂದ ಸಿದ್ಧಿಸುವುದಿಲ್ಲ.

೨

ಹೀಗಿದ್ದರೂ, ಚಮಕವು ವಿನಿಯುಕ್ತವಾಗಿರುವ ಕರ್ಮವು ಯಾವುದೆಂಬುದನ್ನು ಮರೆಯಬಾರದು. ಅದು ಅಗ್ನಿಚಯನದಲ್ಲಿ ವಸೋರ್ಧಾರೆಯೆಂಬ ಹೋಮದ ಮಂತ್ರ. ಅಗ್ನಿಚಯನವೆಂದರೆ ಇಟ್ಟಿಗೆಗಳಿಂದ ವೇದಿಯನ್ನು ಕಟ್ಟುವ ಕರ್ಮ. ಈ ಕಟ್ಟಡದ ಅಳತೆಗಳನ್ನು ಹೇಳುವುದಕ್ಕಾಗಿಯೇ ಶುಲ್ಬಸೂತ್ರಗಳು ಹುಟ್ಟಿದವು. ಅವುಗಳಲ್ಲಿ ಪ್ರಾಚೀನವಾದುದೆಂದು ಎಣಿಸಲ್ಪಟ್ಟಿರುವ ಬೌಧಾಯನ ಶುಲ್ಬಸೂತ್ರವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಪೂ. ೮೦೦ರಿಂದ ೫೦೦ರ ನಡುವಣ ಕಾಲಕ್ಕೆ ಸೇರಿಸುತ್ತಾರೆ. ಬೌಧಾಯನನೂ ಆಪಸ್ತಂಬನೂ ಕೃಷ್ಣಯಜುರ್ವೇದದ ತೈತ್ತಿರೀಯ ಶಾಖೆಯವರು. ಆದಕಾರಣ ಚಮಕದ ಸಂಖ್ಯೆಗಳು ಅವರಿಗೆ ಕಂಠಸ್ಥವಾಗಿದ್ದುವೆಂದು ಧಾರಾಳವಾಗಿ ಹೇಳಬಹುದು. ಜರ್ಮನ್ ವಿದ್ವಾಂಸನಾದ ಜಾರ್ಜ್ ಥೀಬೋ ೧೮೭೫ರಲ್ಲಿ ಶುಲ್ಬಸೂತ್ರಗಳ ಮೇಲೆ ಬರೆದ ಪ್ರಬಂಧದಿಂದ ಈ ಸಾಹಿತ್ಯದ ಗಣಿತಭಾಗವು ಆಧುನಿಕ ವಿದ್ವಲ್ಲೋಕಕ್ಕೆ ಪರಿಚಿತವಾಯಿತು.

ನಮ್ಮ ವಿಷಯಕ್ಕೆ ಬೇಕಾದ ಭಾಗವು ಬೌಧಾಯನನ ರಥಚಕ್ರಚಿತಿಯ ಪ್ರಕರಣದಲ್ಲಿದೆ. ರಥದ ಚಕ್ರದ ಆಕಾರದಲ್ಲಿ, ಗುಂಬ, ಅರ, ನೇಮಿಗಳೊಡನೆ ವೇದಿಯನ್ನು ಕಟ್ಟಬೇಕು. ಆದರೆ ಅದರ ಕ್ಷೇತ್ರವು ಇತರ ಚಿತಿಗಳಂತೆ ಏಳೂವರೆ ಚದರ ಪುರುಷ ಪ್ರಮಾಣಕ್ಕೆ ಸರಿಯಾಗಿರಬೇಕು. ಒಂದು ಚದರ ಪುರುಷದ ಮೂವತ್ತನೆಯ ಒಂದು ಭಾಗದಷ್ಟು ಕ್ಷೇತ್ರವುಳ್ಳ ಚೌಕದ ಇಟ್ಟಿಗೆಗಳನ್ನು ತೆಗೆದುಕೊಂಡರೆ ಏಳೂವರೆ ಪುರುಷಕ್ಕೆ ೨೨೫ ಇಟ್ಟಿಗೆಗಳಾಗುತ್ತವೆ. ಚಕ್ರದಲ್ಲಿ ಅರಗಳ ನಡುವೆ ಬರಿದಾದ ಜಾಗಗಳಿರುತ್ತವೆ. ಅವುಗಳಿಗಾಗಿ ೬೪ ಇಟ್ಟಿಗೆಗಳಷ್ಟು ಸ್ಥಳವನ್ನು ಸೇರಿಸಬೇಕು. ಒಟ್ಟು ೨೮೯. ಇವುಗಳಿಂದ ಮೊದಲು ಒಂದು ಚೌಕವನ್ನು ಮಾಡಿ, ಆಮೇಲೆ ಅದನ್ನು ವೃತ್ತಕ್ಕೆ ತಿರುಗಿಸಬೇಕೆಂಬುದು ಸೂತ್ರಕಾರನ ಕ್ರಮ.

ಆ ಚೌಕವನ್ನು ಮಾಡುವ ರೀತಿಯನ್ನು ಗಮನಿಸತಕ್ಕದ್ದು. ಪಕ್ಕಕ್ಕೆ ಹದಿನೇಳು ಇಟ್ಟಿಗೆಗಳನ್ನಿಡು ಎಂದು ಹೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಸೂತ್ರಕಾರನು ಹಾಗೆ ಹೇಳುವುದಿಲ್ಲ. ಪಕ್ಕಕ್ಕೆ ಹದಿನಾರು ಇಟ್ಟಿಗೆಗಳುಳ್ಳ ಚೌಕವನ್ನು ಮಾಡಿದಾಗ ಮೂವತ್ತಮೂರು ಉಳಿಯುತ್ತವೆಯೆಂದೂ, ಅವುಗಳನ್ನು ಅಂಚುಗಳ ಸುತ್ತ ಇಡಬೇಕೆಂದೂ ಹೇಳುತ್ತಾನೆ. ಸುತ್ತ ಎಂಬ ಮಾತನ್ನು ನಾಲ್ಕು ಕಡೆಗಳಲ್ಲಿಯೂ ಎಂದು ತೆಗೆದುಕೊಂಡರೆ ಲೆಕ್ಕವು ಕೂಡುವುದಿಲ್ಲ. ಹದಿನಾರರ ಚೌಕವನ್ನು ನಾಲ್ಕು ಕಡೆಗೂ ಒಂದು ಸಾಲು ಇಟ್ಟಿಗೆಯಿಂದ ಸುತ್ತುವುದಕ್ಕೆ ಪಕ್ಕಕ್ಕೆ ಹದಿನಾರರಂತೆ ೬೪, ಮೂಲೆಗಳಿಗೆ ೪, ಒಟ್ಟು ೬೮ ಇಟ್ಟಿಗೆಗಳು ಬೇಕು. ಕೈಯಲ್ಲಿರುವುದು ೩೩ ಮಾತ್ರ. ಒಂದಕ್ಕೊಂದು ತಾಗಿರುವ ಎರಡು ಪಕ್ಕಗಳಲ್ಲಿ ಹದಿನಾರು ಹದಿನಾರರಂತೆ ಇಟ್ಟು, ಉಳಿದ ಒಂದನ್ನು ಅವುಗಳ ನಡುವಣ ಮೂಲೆಯಲ್ಲಿಟ್ಟರೆ ಮಾತ್ರ ಇಟ್ಟಿಗೆಗಳನ್ನು ಒಡೆಯದೆ ಹದಿನೇಳರ ಚೌಕವು ತುಂಬುತ್ತದೆ. ಬಡಗಿಯ ಮೂಲೆಮಟ್ಟದ ಆಕಾರದ ಈ ಅಂಚೇ ಬೆಸಸಂಖ್ಯೆಯ ಆಕೃತಿ.

ಬಳಿಕ ಈ ೨೮೯ರಲ್ಲಿ ಗುಂಬಕ್ಕೆ ೧೬, ಅರಗಳಿಗೆ ೬೪, ಅರಗಳ ನಡುವಣ ತೆರಪಿಗೆ ೬೪, ಉಳಿದ ೧೪೫ ನೇಮಿಗೆ ಎಂದು ಹಂಚಿಕೆಯಾಗುತ್ತದೆ. ಗುಂಬವು ೪ರ ವರ್ಗ. ಗುಂಬ, ಅರ, ತೆರಪು ಸೇರಿದರೆ ೧೪೪, ಅದು ೧೨ರ ವರ್ಗ. ನೇಮಿಯೂ ಸೇರಿದರೆ ೧೭ರ ವರ್ಗ. ಹೀಗೆ ಒಂದರೊಳಗೊಂದಾಗಿ ಮೂರು ಚೌಕಗಳು. ಅವುಗಳಿಂದ ಮೂರು ವೃತ್ತಗಳು. ಇನ್ನೊಂದು ಸ್ವಾರಸ್ಯವೂ ಇದೆ. ೨೨೫ ಎಂಬುದು ೧೫ರ ವರ್ಗ, ೬೪ ಎಂಬುದು ೮ರ ವರ್ಗ. ಹದಿನೈದು ಮತ್ತು ಎಂಟು ಪಕ್ಕಗಳಾಗಿರುವ ಆಯತವನ್ನು, ಕರ್ಣದ ವರ್ಗವು ಪಕ್ಕಗಳ ವರ್ಗಗಳ ಮೊತ್ತಕ್ಕೆ ಸಮವೆಂಬ ನಿಯಮವು ಕಣ್ಣಿಗೆ ಕಾಣುವ ನಿದರ್ಶನಗಳಲ್ಲಿ ಒಂದಾಗಿ ಇದೇ ಬೌಧಾಯನನು ಬೇರೆಡೆಯಲ್ಲಿ ಎಣಿಸಿದ್ದಾನೆ. ಆದುದರಿಂದ ೬೪ನ್ನು ಆರಿಸಿಕೊಂಡುದು ಯಾದೃಚ್ಛಿಕವಲ್ಲವೆಂದು ಊಹಿಸಬಹುದು. ಆದರೆ ಅದು ಊಹೆಯೇ ಸರಿ.

ಇಲ್ಲಿ ಬರುವ ೩೩ಕ್ಕೂ ಚಮಕದ ೩೩ಕ್ಕೂ ಇರುವ ಹೋಲಿಕೆಯನ್ನು ಏನೆಂದು ತಿಳಿಯಬೇಕು? ಎರಡೂ ಒಂದೇ ಶಾಖೆಯವು, ಒಂದೇ ಕರ್ಮಕ್ಕೆ ಸಂಬಂಧಪಟ್ಟವು, ಎರಡೆಡೆಯಲ್ಲಿಯೂ ಮೊತ್ತವು ೨೮೯. ಮನಸ್ಸು ಸೋಲುವುದು ಸಹಜ. ಆದರೆ ಒಂದು ೩೩ ದೇವತೆಗಳ ಎಣಿಕೆಯಿಂದ ಬಂದುದು. ಮತ್ತೊಂದು ೨೮೯ರಲ್ಲಿ ೨೫೬ನ್ನು ಕಳೆದುದರಿಂದ ಬಂದುದು. ಹದಿನೇಳನೆಯ ಬೆಸಸಂಖ್ಯೆಯು ೩೩ ಆಗಿರುವುದರಿಂದ ಇವೆರಡೂ ಒಂದೇ ಎಡೆಯಲ್ಲಿ ಸೇರಲೇಬೇಕು. ಅದು ಸಂಖ್ಯೆಯ ಸ್ವಭಾವ. ಸೂತ್ರಕಾರನು ಈ ಎರಡನ್ನೂ ಹೊಂದಿಸಿ ಒಂದು ಮಾತನ್ನೂ ಆಡಿಲ್ಲ. ಆಡದ ಮಾತಿಗೆ ನಾವು ಸಾಕ್ಷಿಗಳಾಗಬಾರದು.

೩

ಒಂದು ಚೌಕವನ್ನು ಒಂದು ಸಲ ಬೆಳೆಯಿಸಿದ ಮಾತ್ರಕ್ಕೆ ನಿಯಮವು ತಿಳಿದಿತ್ತೆಂದು ಹೇಳಬಹುದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ. ಇದಕ್ಕೆ ಉತ್ತರವು ಆಪಸ್ತಂಬನಲ್ಲಿ ದೊರೆಯುತ್ತದೆ. ಆಪಸ್ತಂಬ ಶುಲ್ಬಸೂತ್ರವು ಕಪರ್ದಿ, ಕರವಿಂದ, ಸುಂದರರಾಜರ ವ್ಯಾಖ್ಯಾನಗಳೊಡನೆ ಮೈಸೂರಿನ ಪ್ರಾಚ್ಯಕೋಶಾಗಾರದಿಂದ ೧೯೩೧ರಲ್ಲಿ ಮುದ್ರಿತವಾಯಿತು.

ಚಿತಿಯನ್ನು ಮೊದಲ ಸಲ ಏಳೂವರೆ ಪುರುಷ ಪ್ರಮಾಣದಲ್ಲಿ ಕಟ್ಟಿದವನು ಎರಡನೆಯ ಸಲ ಎಂಟೂವರೆ, ಮೂರನೆಯ ಸಲ ಒಂಬತ್ತೂವರೆ ಎಂದು ನೂರೊಂದೂವರೆಯವರೆಗೆ ಬೆಳೆಯಿಸುತ್ತ ಹೋಗಬಹುದೆಂಬುದು ಸೂತ್ರಕಾರರ ವಿಧಿ. ಆಕಾರವು ಕೆಡದೆ ಕ್ಷೇತ್ರವು ಬೆಳೆಯಬೇಕು. ಆಕೃತಿಯನ್ನು ಬೆಳೆಯಿಸುವ ವಿಚಾರವು ಹೀಗೆ ಅವರಿಗೆ ವಿನೋದದ ಪ್ರಶ್ನೆಯಾಗಿರದೆ, ತಪ್ಪಿದರೆ ಕರ್ಮವೇ ಕೆಡುವಂಥ ಹೊಣೆಯಾಗಿತ್ತು. ಆಪಸ್ತಂಬನು ಮೊದಲು, ಪಕ್ಕದ ಹಗ್ಗದಲ್ಲಿ ಎಷ್ಟು ಅಳತೆಗಳಿರುತ್ತವೆಯೋ ಅಷ್ಟಷ್ಟು ಸಾಲು ಚೌಕಗಳಾಗುತ್ತವೆಂದು ಹೇಳುತ್ತಾನೆ: ಎರಡಕ್ಕೆ ನಾಲ್ಕು, ಮೂರಕ್ಕೆ ಒಂಬತ್ತು. ಭಿನ್ನಗಳನ್ನೂ ಬಿಡುವುದಿಲ್ಲ: ಒಂದೂವರೆಗೆ ಎರಡೂಕಾಲು, ಎರಡೂವರೆಗೆ ಆರೂಕಾಲು. ಅನಂತರ ಸಾಮಾನ್ಯ ವಿಧಿಯನ್ನು ಕೊಡುತ್ತಾನೆ. ಅದರ ತಾತ್ಪರ್ಯವಿಷ್ಟು: ಪಕ್ಕವನ್ನು ಎಷ್ಟು ಹೆಚ್ಚಿಸಬೇಕೋ ಅಷ್ಟು ಅಗಲದ ಪಟ್ಟಿಗಳನ್ನು ಎರಡು ಪಕ್ಕಗಳಲ್ಲಿ ಸೇರಿಸಿ, ಹೆಚ್ಚಿಸಿದ ಅಳತೆಯ ಚೌಕವನ್ನು ಮೂಲೆಯಲ್ಲಿ ಸೇರಿಸಬೇಕು.

ಈ ವಿಧಿಯಲ್ಲಿ ಹೆಚ್ಚುವ ಅಳತೆಯನ್ನು ಒಂದೆಂದು ತೆಗೆದುಕೊಂಡರೆ ಬೌಧಾಯನನ ೧೬, ೧೬, ೧ ಎಂಬ ಮೂವತ್ತಮೂರು ಇಟ್ಟಿಗೆಗಳೇ ಬರುತ್ತವೆ. ಅರ್ಧವೆಂದು ತೆಗೆದುಕೊಂಡರೆ ಆಪಸ್ತಂಬನ ಎರಡೂಕಾಲು ಬರುತ್ತದೆ: ಒಂದರ ಚೌಕ, ಅರ್ಧಾರ್ಧದ ಎರಡು ಪಟ್ಟಿಗಳು, ಮೂಲೆಗೆ ಕಾಲು. ಆದಕಾರಣ ಚೌಕವು ಎರಡು ಪಟ್ಟಿಗಳಿಂದಲೂ ಒಂದು ಮೂಲೆಯಿಂದಲೂ ಬೆಳೆಯುತ್ತದೆಂಬ ಸಾಮಾನ್ಯ ನಿಯಮವು ಶುಲ್ಬಕಾರರಿಗೆ ಚೆನ್ನಾಗಿ ತಿಳಿದಿತ್ತೆಂಬುದರಲ್ಲಿ ಸಂದೇಹವಿಲ್ಲ. ಒಂದು ಕೊರತೆ ಮಾತ್ರ ಉಳಿಯಿತು. ಪ್ರತಿಯೊಂದು ಹೆಜ್ಜೆಯೂ ಅವರಿಗೆ ತಿಳಿದಿತ್ತು. ಎಲ್ಲ ಹೆಜ್ಜೆಗಳನ್ನೂ ಒಂದರಿಂದ ಮೊದಲುಮಾಡಿ ಒಂದು ಶ್ರೇಢಿಯಾಗಿ ಕೂಡಿಸಿ ಹೇಳಿದ ಮಾತು ಅಲ್ಲಿಲ್ಲ. ಚಮಕದಲ್ಲಿ ಸಾಲಿದೆ, ಆಕೃತಿಯಿಲ್ಲ. ಶುಲ್ಬದಲ್ಲಿ ಆಕೃತಿಯಿದೆ, ಸಾಲಿಲ್ಲ.

೪

ಸಾಲನ್ನು ಕೂಡಿಸುವ ಕೆಲಸವು ಸಿದ್ಧಾಂತಕಾಲದ ಗಣಿತಜ್ಞರಿಗೆ ಉಳಿಯಿತು. ಕ್ರಿ.ಶ. ೪೯೯ರಲ್ಲಿ ರಚಿತವಾದ ಆರ್ಯಭಟೀಯದ ಗಣಿತಪಾದದಲ್ಲಿ ಶ್ರೇಢಿಯ ಮೊತ್ತವನ್ನು ಕಂಡುಹಿಡಿಯುವ ಸೂತ್ರವಿದೆ. ವರ್ಗಗಳ ಮೊತ್ತಕ್ಕೂ ಘನಗಳ ಮೊತ್ತಕ್ಕೂ ಸೂತ್ರಗಳಿವೆ. ಈ ಮೊತ್ತಗಳಿಗೆ ಆರ್ಯಭಟನು ಬಳಸಿದ ಹೆಸರುಗಳು ಭಾಷಾಭ್ಯಾಸಿಗಳ ಗಮನಕ್ಕೆ ತಕ್ಕವು. ವರ್ಗಗಳ ರಾಶಿ ವರ್ಗಚಿತಿಘನ. ಘನಗಳ ರಾಶಿ ಘನಚಿತಿಘನ. ಚಿತಿಯೆಂದರೆ ಒಟ್ಟಿದುದು, ಪೇರಿಸಿದುದು. ಯಜ್ಞವೇದಿಗೂ ಇದೇ ಹೆಸರು; ಅದನ್ನು ಕಟ್ಟುವುದು ಚಯನ. ಶ್ರೇಢಿಯಲ್ಲಿ ಒಂದು ಪದದಿಂದ ಮತ್ತೊಂದು ಪದಕ್ಕೆ ಆಗುವ ಏರಿಕೆಗೆ ನಮ್ಮ ಗಣಿತಗ್ರಂಥಗಳಲ್ಲಿ ಚಯ, ಪ್ರಚಯ ಎಂದು ಹೆಸರು. ಈ ಎಲ್ಲ ಶಬ್ದಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಶಬ್ದಸಾಮ್ಯದಿಂದ ಮಾತ್ರ ಇತಿಹಾಸವನ್ನು ಕಟ್ಟುವುದು ಅಪಾಯಕರ. ಆದರೂ ಸಂಖ್ಯೆಗಳನ್ನು ಕೂಡಿಸುವುದೆಂದರೆ ಒಂದರ ಮೇಲೊಂದನ್ನು ಪೇರಿಸುವುದೆಂಬ ಭಾವವು ಗಣಿತಜ್ಞರ ಪರಿಭಾಷೆಯಲ್ಲಿ ನೆಲೆನಿಂತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ನಿಯಮವು ಮರೆಯಿಲ್ಲದೆ ಹೇಳಲ್ಪಟ್ಟಿರುವ ಗ್ರಂಥಗಳಲ್ಲಿ ಒಂದು ಕರ್ಣಾಟಕಕ್ಕೆ ಸೇರಿದುದೆಂಬುದು ನಮಗೆ ಸಂತೋಷದ ಸಂಗತಿ. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕವಿರಾಜಮಾರ್ಗವು ಹುಟ್ಟಿದ ಒಂಬತ್ತನೆಯ ಶತಮಾನದಲ್ಲಿಯೇ, ಜೈನಾಚಾರ್ಯನಾದ ಮಹಾವೀರನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ಗ್ರಂಥದ ಆದಿಯಲ್ಲಿ ಆ ಅರಸನ ಪ್ರಶಂಸೆಯಿದೆ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವು ೨೦೦೦ದಲ್ಲಿ ಹೊಂಬುಜದಿಂದ ಹೊರಬಂದಿತು.

ವರ್ಗವನ್ನು ಕಂಡುಹಿಡಿಯುವ ಬಗೆಗಳನ್ನು ಮಹಾವೀರನು ಎಣಿಸುವಾಗ, ಸಮವಾದ ಎರಡು ರಾಶಿಗಳ ಗುಣಾಕಾರವೆಂಬ ಬಗೆಯೊಡನೆಯೇ ಮತ್ತೊಂದನ್ನು ಹೇಳುತ್ತಾನೆ: ಮೊದಲು ಒಂದು, ಏರಿಕೆ ಎರಡು, ಪದಗಳೆಷ್ಟೋ ಕೊಟ್ಟ ರಾಶಿಯಷ್ಟು, ಅಂಥ ಶ್ರೇಢಿಯ ಮೊತ್ತವೇ ಆ ರಾಶಿಯ ವರ್ಗ. ಚಮಕದಲ್ಲಿ ಬಿಡಿಯಾಗಿದ್ದ ಸಾಲೂ ಬೌಧಾಯನನ ಇಟ್ಟಿಗೆಯ ಅಂಚೂ ಇಲ್ಲಿ ಒಂದೇ ಮಾತಿನಲ್ಲಿ ಕೂಡಿದವು. ಹದಿನೇಳರ ವರ್ಗವು ಬೇಕಾದರೆ ಒಂದರಿಂದ ಮೂವತ್ತಮೂರರವರೆಗಿನ ಬೆಸಸಂಖ್ಯೆಗಳನ್ನು ಕೂಡಿಸಿಕೊಳ್ಳಬಹುದೆಂದು ಹೇಳುವ ಅಧಿಕಾರವು ಮಹಾವೀರನ ಸೂತ್ರದಿಂದ ನಮಗೆ ಬರುತ್ತದೆ.

ಮಹಾವೀರನು ಇಟ್ಟಿಗೆಯನ್ನೂ ಮರೆತಿಲ್ಲ. ಮಿಶ್ರಕವ್ಯವಹಾರದಲ್ಲಿ ಪದರಪದರವಾಗಿ ಪೇರಿಸಿದ ಇಟ್ಟಿಗೆಗಳ ಲೆಕ್ಕಕ್ಕೆ ಒಂದು ಸೂತ್ರವನ್ನು ಕೊಟ್ಟಿದ್ದಾನೆ. ಮೇಲಿನ ಪದರದಲ್ಲಿ ಒಂದೇ ಸಾಲು ಇಟ್ಟಿಗೆಗಳಿದ್ದು, ಕೆಳಗಿಳಿದಂತೆ ಉದ್ದದಲ್ಲಿಯೂ ಅಗಲದಲ್ಲಿಯೂ ಒಂದೊಂದು ಇಟ್ಟಿಗೆ ಹೆಚ್ಚುತ್ತ ಹೋದರೆ ಒಟ್ಟು ಎಷ್ಟೆಂಬುದು ಪ್ರಶ್ನೆ. ಪದರಗಳ ಸಂಖ್ಯೆಯ ವರ್ಗದಲ್ಲಿ ಒಂದನ್ನು ಕಳೆದು, ಮೂರರಿಂದ ಭಾಗಿಸಿ, ಪದರಗಳ ಸಂಖ್ಯೆಯಿಂದ ಗುಣಿಸಬೇಕು. ಅದಕ್ಕೆ, ಒಂದರಿಂದ ಪದರಗಳ ಸಂಖ್ಯೆಯವರೆಗಿನ ಮೊತ್ತವನ್ನು ಮೇಲಿನ ಸಾಲಿನ ಇಟ್ಟಿಗೆಗಳಿಂದ ಗುಣಿಸಿ ಸೇರಿಸಬೇಕು. ಅವನ ಮೊದಲನೆಯ ಉದಾಹರಣೆಯಲ್ಲಿ ಸಮಚತುರಶ್ರವಾದ ಐದು ಪದರಗಳು, ಮೇಲೆ ಒಂದು ಇಟ್ಟಿಗೆ. ಸೂತ್ರದಂತೆ ೪೦ ಮತ್ತು ೧೫, ಒಟ್ಟು ೫೫. ಅದು ೧, ೪, ೯, ೧೬, ೨೫ರ ಮೊತ್ತ. ಎರಡನೆಯ ಉದಾಹರಣೆಯಲ್ಲಿ ನಂದ್ಯಾವರ್ತದ ಆಕಾರದ ನಾಲ್ಕು ಪದರಗಳು, ಮೇಲಿನ ಸಾಲಿನಲ್ಲಿ ೬೦. ಸೂತ್ರದಂತೆ ೨೦ ಮತ್ತು ೬೦೦, ಒಟ್ಟು ೬೨೦. ಚೌಕವು ನೆಲದ ಮೇಲೆ ಬೆಳೆಯುವುದನ್ನು ಬಿಟ್ಟು ಎತ್ತರಕ್ಕೆ ಬೆಳೆಯಿತು. ಯಾಜ್ಞಿಕನ ಇಟ್ಟಿಗೆಯು ಬಸದಿಯನ್ನೂ ಮನೆಯನ್ನೂ ಕಟ್ಟುವವನ ಲೆಕ್ಕಕ್ಕೆ ಬಂದಿತು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸುವುದಕ್ಕೆ ನೆಲವು ಹೀಗೆ ಮೊದಲೇ ಹದವಾಗಿತ್ತು.

೫

ಮಹಾವೀರನ ಗ್ರಂಥದಲ್ಲಿ ನಿಯಮವಿದೆ. ಅದು ಏಕೆ ನಿಜವೆಂಬ ಉಪಪತ್ತಿಯಿಲ್ಲ. ಸೂತ್ರಗ್ರಂಥದಲ್ಲಿ ಅದನ್ನು ನಿರೀಕ್ಷಿಸುವುದೂ ಸರಿಯಲ್ಲ. ಉಪಪತ್ತಿಯು ಗುರುವಿನ ಬಾಯಿಂದಲೋ ವ್ಯಾಖ್ಯಾನದಿಂದಲೋ ತಿಳಿಯತಕ್ಕದ್ದು. ಅಂಥ ವ್ಯಾಖ್ಯಾನಗಳಲ್ಲಿ ಕೇರಳದ ನೀಲಕಂಠ ಸೋಮಯಾಜಿಯ ಆರ್ಯಭಟೀಯಭಾಷ್ಯವು ಅಗ್ರಗಣ್ಯವಾದುದು. ೧೪೪೪ರಲ್ಲಿ ಹುಟ್ಟಿದ ಈತನು ಹೆಸರೇ ಹೇಳುವಂತೆ ಸೋಮಯಾಗವನ್ನು ಮಾಡಿದವನು. ಭಾಷ್ಯದ ಗಣಿತಪಾದವು ೧೯೩೦ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು.

ವರ್ಗಗಳ ಮೊತ್ತದ ಸೂತ್ರಕ್ಕೆ ಈತನು ಕೊಡುವ ಉಪಪತ್ತಿಯು ಕಟ್ಟಿ ತೋರಿಸುವಂಥದು. ವರ್ಗಚಿತಿಯನ್ನು ಆರು ಪಾಲು ತೆಗೆದುಕೊಂಡರೆ ಒಂದು ಆಯತಘನವಾಗುತ್ತದೆ. ಅದರ ಒಂದು ಅಳತೆ ಪದಗಳ ಸಂಖ್ಯೆ, ಮತ್ತೊಂದು ಅದಕ್ಕಿಂತ ಒಂದು ಹೆಚ್ಚು, ಮೂರನೆಯದು ಇವೆರಡರ ಮೊತ್ತ. ಮೂರು ಪದಗಳನ್ನು ತೆಗೆದುಕೊಳ್ಳೋಣ. ೧, ೪, ೯ರ ಮೊತ್ತ ೧೪. ಅದರ ಆರು ಪಾಲು ೮೪. ಅದು ೩, ೪, ೭ರ ಗುಣಲಬ್ಧ. ಒಂಬತ್ತರ ಆರು ಹಲಗೆಗಳಿಂದ, ಎಂದರೆ ೫೪ ತುಂಡುಗಳಿಂದ, ಈ ಘನದ ಹಾಸನ್ನೂ ಗೋಡೆಗಳನ್ನೂ ಕಟ್ಟಿದರೆ, ಒಳಗೆ ೨, ೩, ೫ ಅಳತೆಯ ತೆರಪು ಉಳಿಯುತ್ತದೆ. ಅದು ೩೦, ಎಂದರೆ ೧ ಮತ್ತು ೪ರ ಮೊತ್ತದ ಆರು ಪಾಲು. ಆ ತೆರಪನ್ನು ನಾಲ್ಕರ ಹಲಗೆಗಳಿಂದ ಹೀಗೆಯೇ ಕಟ್ಟಿದರೆ ಒಳಗೆ ೧, ೨, ೩ ಅಳತೆಯದು ಉಳಿಯುತ್ತದೆ. ಅದನ್ನು ಒಂದರ ಆರು ತುಂಡುಗಳು ತುಂಬುತ್ತವೆ. ಎಷ್ಟು ಪದಗಳಿದ್ದರೂ ಕ್ರಮವು ಇದೇ. ಬೌಧಾಯನನು ಚೌಕಕ್ಕೆ ಹೊರಗಿನಿಂದ ಅಂಚನ್ನು ಸೇರಿಸಿ ಬೆಳೆಯಿಸಿದನು. ನೀಲಕಂಠನು ಘನದ ಅಂಚನ್ನು ಕಟ್ಟಿ ಒಳಕ್ಕೆ ಇಳಿಯುತ್ತಾನೆ. ಎರಡರ ಮೂಲದಲ್ಲಿಯೂ ಇರುವ ತತ್ತ್ವವೊಂದೇ: ಒಂದು ಆಕೃತಿಗೂ ಅದರ ಮುಂದಿನ ಆಕೃತಿಗೂ ಇರುವ ಅಂತರವನ್ನು ಅರಿತವನು ಮೊತ್ತವನ್ನು ಅರಿತವನು.

೬

ಇದೇ ವಿಚಾರವು ಗ್ರೀಸಿನಲ್ಲಿಯೂ ಬೆಳೆಯಿತು. ಪೈಥಾಗೊರಸನ ಪಂಥದವರು ಒಂದರ ಸುತ್ತ ಮೂಲೆಮಟ್ಟದ ಆಕಾರದ ಅಂಚುಗಳನ್ನು ಇಡುತ್ತಿದ್ದರೆಂದು ಕ್ರಿ.ಪೂ. ನಾಲ್ಕನೆಯ ಶತಮಾನದ ಅರಿಸ್ಟಾಟಲನು ಸೂಚಿಸಿದ್ದಾನೆ. ಆ ಅಂಚಿಗೆ ಅವರಲ್ಲಿ ಗ್ನೋಮೋನ್ ಎಂದು ಹೆಸರು. ಕ್ರಿ.ಶ. ೧೦೦ರ ಸುಮಾರಿನ ನಿಕೊಮಾಕಸನು ಬೆಸಸಂಖ್ಯೆಗಳನ್ನು ೧, ೩, ೫, ೭, ೯, ೧೧ ಎಂದು ಗುಂಪುಗೂಡಿಸಿದರೆ ೧, ೮, ೨೭ ಎಂಬ ಘನಗಳು ಬರುವುದನ್ನು ತೋರಿಸಿದನು. ಯಾರು ಯಾರಿಂದ ಕಲಿತರೆಂಬ ಚರ್ಚೆಯನ್ನು ಇಲ್ಲಿ ಎತ್ತಬೇಕಾಗಿಲ್ಲ. ಚೌಕದ ಕಲ್ಲುಗಳೋ ಇಟ್ಟಿಗೆಗಳೋ ಎಲ್ಲಿದ್ದರೂ, ಅವುಗಳನ್ನು ಜೋಡಿಸುವ ಕೈಗೆ ಈ ಸತ್ಯವು ಎದುರಾಗುತ್ತದೆ. ಗ್ರೀಸಿನಲ್ಲಿ ಅದು ಸಂಖ್ಯೆಯ ತತ್ತ್ವವಿಚಾರಕ್ಕೆ ಸೇರಿತು. ನಮ್ಮಲ್ಲಿ ಕಟ್ಟುವವನ ವಿಧಿಯಾಗಿ ಹುಟ್ಟಿ, ಲೆಕ್ಕಿಗನ ಸೂತ್ರವಾಗಿ ಬೆಳೆದು, ಭಾಷ್ಯಕಾರನ ಉಪಪತ್ತಿಯಲ್ಲಿ ಪರಿಪಕ್ವವಾಯಿತು.

ಇಷ್ಟು ವಿಚಾರದಿಂದ ಏರ್ಪಡುವ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ಸಾಲನ್ನು ಕಾಣುವುದು, ಆಕೃತಿಯನ್ನು ಬೆಳೆಯಿಸುವುದು, ಬೆಳೆವಣಿಗೆಗೆ ವಿಧಿಯನ್ನು ಹೇಳುವುದು, ಸಾಲಿನ ಮೊತ್ತವನ್ನು ನಿಯಮಿಸುವುದು, ಅದಕ್ಕೆ ಕಾರಣವನ್ನು ತೋರಿಸುವುದು ಎಂಬ ಐದು ಮೆಟ್ಟಲುಗಳು ಬೇರೆಬೇರೆ. ಚಮಕ, ಬೌಧಾಯನ, ಆಪಸ್ತಂಬ, ಮಹಾವೀರ, ನೀಲಕಂಠ ಎಂಬ ಐದು ಸಾಕ್ಷಿಗಳು ಕ್ರಮವಾಗಿ ಆ ಮೆಟ್ಟಲುಗಳಲ್ಲಿ ನಿಂತಿದ್ದಾರೆ. ಐದನ್ನೂ ಮೊದಲನೆಯದಕ್ಕೇ ಆರೋಪಿಸಿದರೆ ವೇದದ ಗೌರವವು ಹೆಚ್ಚುವುದಿಲ್ಲ; ಅದು ತನ್ನ ಸಂಖ್ಯೆಗಳಿಗೆ ತಾನೇ ಕೊಟ್ಟ ಅರ್ಥವನ್ನು ನಾವು ಕೇಳಿಸಿಕೊಳ್ಳದಂತಾಗುತ್ತದೆ. ಅಷ್ಟೇ ಅಲ್ಲದೆ, ಉಳಿದ ಮೂವತ್ತಮೂರು ಇಟ್ಟಿಗೆಗಳನ್ನು ಎಲ್ಲಿಡಬೇಕೆಂದು ತಿಳಿದಿದ್ದ ಸೂತ್ರಕಾರನಿಗೂ, ನೃಪತುಂಗನ ನಾಡಿನಲ್ಲಿ ಕುಳಿತು ಅದನ್ನು ಒಂದು ಸೂತ್ರದಲ್ಲಿ ಅಡಗಿಸಿದ ಆಚಾರ್ಯನಿಗೂ ಸಲ್ಲಬೇಕಾದ ಕೀರ್ತಿಯು ಸಲ್ಲದೆಹೋಗುತ್ತದೆ. ಪ್ರಾಚೀನ ಗ್ರಂಥಗಳನ್ನು ಪಾಠಹೇಳುವವರು ಸಂಖ್ಯೆಗಳು ಬರುವ ಇಂಥ ಸ್ಥಳಗಳಲ್ಲಿ ಮೊತ್ತವನ್ನು ಹಾಕುವುದಕ್ಕೆ ಮುಂಚೆ ಸುತ್ತಣ ವಾಕ್ಯಗಳನ್ನು ಓದುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಯಿಸಿದರೆ, ಗಣಿತಕ್ಕೂ ಸಾಹಿತ್ಯಕ್ಕೂ ಉಪಕಾರವಾದೀತು.